ಸಿನಿಮಾದ ಸೆರೆಯಾಳುಗಳು ಮತ್ತು ಅತ್ತಿಯ ಹಸಿರು ಬಳೆ

ಯುದ್ಧಕೈದಿಗಳ ಸಿನಿಮಾ ಹತ್ತಿದರೆ ನಾನು ಟಿವಿ ಮುಂದಿನಿಂದ ಎದ್ದು ಹೋಗುತ್ತೇನೆ. ದೇಶಭಕ್ತಿ ಕಡಿಮೆ ಅಂತ ತಿಳಿಯಬೇಡಿ. ನನಗೆ ಅತ್ತಿ ನೆನಪಾಗುತ್ತಾಳೆ.

ಅತ್ತಿ ಅಂದರೆ ಅಪ್ಪನ ತಂಗಿ. ಅವಳ ಗಂಡ ಫೌಜಿನಲ್ಲಿದ್ದ. ಎಪ್ಪತ್ತೊಂದರ ಲಡಾಯಿಗೆ ಹೋದವನು ಬರಲಿಲ್ಲ, ಹೆಣವೂ ಬರಲಿಲ್ಲ. ಜೊತೆಗಿದ್ದವನೊಬ್ಬ ‘ಜೀವಂತ ಹಿಡಿದುಕೊಂಡು ಹೋದರು’ ಅಂದ. ಲಡಾಯಿ ಮುಗಿದ ಮೇಲೆ ಅವರ ಸಾವಿರಾರು ಸಿಪಾಯಿಗಳನ್ನು ನಾವು ವಾಪಸ್ ಕಳಿಸಿದೆವು, ನಮ್ಮವರೂ ಬಂದರು. ಎಲ್ಲರೂ ಬಂದರೇ? ಇವತ್ತಿಗೂ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅತ್ತಿ ಕಾಗವಾಡದ ನಮ್ಮ ಮನೆಗೆ ಬಂದು, ಹಸಿರು ಬಳೆ ಹಾಕಿಕೊಂಡೇ ಉಳಿದಳು.

ನಾವು ಕೊಕಟನೂರ ಎಲ್ಲಮ್ಮನಿಗೆ ನಡೆದುಕೊಳ್ಳುವವರು. ಚಳಿಗಾಲದ ಒಂದು ಹುಣ್ಣಿಮೆಗೆ ದೇವಿ ಗಂಡನನ್ನು ಕಳೆದುಕೊಳ್ಳುತ್ತಾಳೆ. ಅದಕ್ಕೆ ರಂಡಿ ಹುಣ್ಣಿಮೆ ಅನ್ನುತ್ತಾರೆ. ಮುಖ ಸಿಂಡರಿಸಬೇಡಿ, ಹೆಸರೇ ಅದು. ಅಂದು ಮನೆಯ ಹೆಂಗಸರೆಲ್ಲ ಬಳೆ ತೆಗೆಯುತ್ತಿದ್ದರು. ಮುಂದೆ ಮುತ್ತೈದೆ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ, ಇವರಿಗೆ ಹೊಸ ಬಳೆ. ನಡುವೆ ಅವ್ವ, ಕಾಕಾನ ಹೆಂಡತಿ ಕಾಕು, ಅತ್ತಿ ಎಲ್ಲರದೂ ಬರಿಗೈ. ಆಗ ಮಾತ್ರ ಅತ್ತಿ ನಾಲ್ಕು ಮಂದಿಯ ಹಾಗೆ ಕಾಣುತ್ತಿದ್ದಳು.

ನಾನು ಮಿರಜಿನ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ವರ್ಷ ಅಪ್ಪ ನಿರ್ಧಾರ ಮಾಡಿದ: ಈ ಸಲ ತೆಗೆದ ಬಳೆಯನ್ನು ತಂಗಿ ಮತ್ತೆ ಹಾಕಬಾರದು, ಕಾದದ್ದು ಸಾಕು. ಎದುರು ಹೇಳಲು ಧೈರ್ಯವಿಲ್ಲ. ಉಗಾರದಿಂದ ವಿಸಿಆರ್ ಬಾಡಿಗೆ ತಂದ. ವೈರಿಗಳ ಜೈಲಿನ ಸಿನಿಮಾ. ‘ಭಾಳ ಹೊಡಿತಾರ್ರಿ ಇದ್ರಾಗ’ ಅಂದಿದ್ದನಂತೆ ಕ್ಯಾಸೆಟ್ಟಿನವನು. ಆ ಹೊಡೆತ ನೋಡಿದರೆ ತಂಗಿಯ ಆಸೆ ಬಿಡುತ್ತದೆ ಅಂತ ಅಪ್ಪನ ಲೆಕ್ಕ. ಕೊನೆಗೆ ಏನಾಗುತ್ತದೆ ಅಂತ ಕೇಳಿರಲೇ ಇಲ್ಲ!

ಕೊನೆಗೆ ಹೀರೋ ಬಾಗಿಲು ಮುರಿದ, ಗೆಳೆಯರನ್ನು ಕರೆದುಕೊಂಡು ಗಡಿ ದಾಟಿಬಿಟ್ಟ. ಓಣಿಯ ಮಂದಿಯೆಲ್ಲ ಸೀಟಿ ಹೊಡೆದರು. ಅತ್ತಿ ಅಲುಗಾಡಲಿಲ್ಲ.

“ಅಣ್ಣಾ, ಆ ಜೈಲಿನ ಖೋಲ್ಯಾಗ ಭಾಳ ಮಂದಿ ಇದ್ರಲ್ಲ. ಇವ್ರಷ್ಟ ಬಂದ್ರು. ಉಳದಾವ್ರು?”

ಕಾಕಾ ನಕ್ಕ. “ಏ, ಅವ್ರು ಸುಮ್ನ ಹಿಂದ ನಿಂದ್ರಾಕ ಬಂದಾವ್ರ ಬೇ. ಪಗಾರದ ಮಂದಿ.”

“ಸಿನಿಮಾ ಅದು, ಬಿಡ ತಂಗಿ,” ಅಂದ ಅಪ್ಪ.

“ಸಿನಿಮಾ ಅಂತ ಗೊತ್ತೈತಿ. ನಾ ಏನ್ ಹುಚ್ಚಿ ಅಲ್ಲ. ಖರೆ, ಒಬ್ಬರರೆ ಹಿಂದ ಹೊಳ್ಳಿ ನೋಡಬೇಕಿಲ್ಲೋ?”

ಅಪ್ಪ ಟಿವಿ ಆರಿಸಿದ.

ಮುತ್ತೈದೆ ಹುಣ್ಣಿಮೆಗೆ ಬಳೆಗಾರ ಬಂದ. ಅವ್ವ, ಕಾಕು ಹಾಕಿಸಿಕೊಂಡರು. ಅತ್ತಿ ಕೈ ಚಾಚಿದಳು. ಅಪ್ಪ ಮೊದಲೇ ಹೇಳಿಟ್ಟಿದ್ದನೋ ಏನೋ, ಬಳೆಗಾರ ಅವನ ಮುಖ ನೋಡಿದ.

“ತಂಗಿ, ಈ ವರ್ಷ ಬ್ಯಾಡವಾ,” ಅಂದ ಅಪ್ಪ. “ಇಪ್ಪತ್ತ ವರ್ಷ ಆಗಾಕ ಬಂತು.”

“ಸತ್ತಾನಂತ ಹೇಳು. ಎಲ್ಲೆ ಸತ್ತಾ, ಹೆಂಗ ಸತ್ತಾ, ಹೇಳಣ್ಣಾ. ನಾನ ಕೈ ಹಿಂದ ತಗೋತೀನಿ.”

ಅಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡ, ದ್ರಾಕ್ಷಿ ತೋಟದ ಕಡೆ ಹೋಗಿಬಿಟ್ಟ.

“ಹಾಕ್ರಿ ಕಾಕಾ,” ಅಂದಳು ಅತ್ತಿ ಬಳೆಗಾರನಿಗೆ. “ಹಸರವ್ನ ಹಾಕ್ರಿ.”

ಗೆದ್ದಳು ಅಂದುಕೊಂಡೆ. ಸಂಜೆ ಪಕ್ಕದ ಮನೆಯಾಕೆ ಮುತ್ತೈದೆಯರನ್ನು ಉಡಿ ತುಂಬುವುದಕ್ಕೆ ಕರೆಯಲು ಬಂದಳು. ಅವ್ವನನ್ನು ಕರೆದಳು, ಕಾಕುವನ್ನು ಕರೆದಳು. ಅತ್ತಿಯ ತುಂಬುಗೈ ನೋಡಿ, ಕುಂಕುಮದ ಬಟ್ಟಲನ್ನು ಸೆರಗಿನ ಮರೆಗೆ ತಂದುಕೊಂಡಳು.

“ನೀವು ಮನ್ಯಾಗ ಇರ್ತೀರಲ್ರಿ ಅಕ್ಕಾರ?”

“ಹೂಂನ್ರಿ. ಎಮ್ಮಿ ಹಿಂಡೂದೈತಿ.”

ನಾನೂ ಅವ್ವನ ಹಿಂದೆ ಹೋದೆ. ಓಣಿಯ ತಿರುವಿನವರೆಗೆ ಹೋಗಿ, ಮನಸ್ಸು ತಡೆಯದೆ ವಾಪಸ್ ಬಂದೆ. ಕೊಟ್ಟಿಗೆಯಲ್ಲಿ ಹಾಲಿನ ಸದ್ದಿನ ಜೊತೆ ಬಳೆಯ ಸದ್ದು. ಅದನ್ನು ಕೇಳಲು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ.

“ಯಾಕ ಬಂದಿ?”

“ಹಂಗ ಸುಮ್ನ.”

ಅತ್ತಿ ತಿರುಗಲಿಲ್ಲ. “ಒಬ್ಬಾಕಿರೆ ಹೊಳ್ಳಿ ಬಂದಿ,” ಅಂದಳು. “ಆ ಚರಿಗಿ ಕೊಡ ಇಲ್ಲೆ.”