ಬಿದ್ದೆ ಎಂದರೆ ಯಾರೂ ನಂಬಲಿಲ್ಲ

ನಲವತ್ತರ ಹತ್ತಿರ ಬಂದರೂ ನನಗೆ ಸೈಕಲ್ ಬರುತ್ತಿರಲಿಲ್ಲ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಸೈಕಲ್ ಅಣ್ಣಂದಿರದು. ನಾವು ಹುಡುಗಿಯರು ಹಿಂದೆ ಕ್ಯಾರಿಯರ್ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದೆವು. ಅದೊಂದು ಕೊರತೆ ಎಂದು ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೂ ಎಷ್ಟೋ ವರ್ಷ ಅನಿಸಿರಲೇ ಇಲ್ಲ.

ಅನಿಸಿದ್ದು ನನ್ನ ಗಂಡನ ಆಫೀಸಿನವರು ಒಂದು ಭಾನುವಾರ ಕುಟುಂಬಸಮೇತ ಸೈಕಲ್ ಸವಾರಿಗೆ ಹೊರಟಾಗ. ಆಗ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದ ಸುಗ್ಗಿ. ಮಿಯಾಪುರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಇನ್ನೂ ನಾಲ್ಕಾರು ಕಟ್ಟಡ ಏಳುತ್ತಿದ್ದವು. ಹೊಸ ಸಂಬಳದ ಜೊತೆ ಹೊಸ ಹವ್ಯಾಸಗಳೂ ಬಂದಿದ್ದವು. ಎಲ್ಲ ಹೆಂಗಸರೂ ಸೈಕಲ್ ಹತ್ತಿ ಹೋದರು. ನಾನು ಅವರ ಚೀಲ, ನೀರಿನ ಬಾಟಲಿಗಳನ್ನು ಕಾಯುತ್ತ ಮರದ ಕೆಳಗೆ ಕೂತೆ. ತಿರುಗಿ ಬಂದ ಮೇಲೆ ಒಬ್ಬಾಕೆ ಪಾಪ ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು, ಕಾಲಿಗೆ ಏನಾದರೂ ತೊಂದರೆ ಇದೆಯೇ ಎಂದು. ನಾನು ಹೌದೆಂದು ತಲೆಯಾಡಿಸಿದೆ.

ಕಲಿಸುತ್ತೇನೆ ಎಂದು ನಮ್ಮವರೇ ಹೇಳಿದರು. ಆದರೆ ಎಲ್ಲಿ? ಮಿಯಾಪುರದ ರಸ್ತೆಯಲ್ಲಿ ನಡೆಯುವುದೇ ಕಷ್ಟ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಪ್ರತಿ ಬಾಲ್ಕನಿಗೂ ಕಣ್ಣಿತ್ತು. ಯಾರೂ ನೋಡದ ಜಾಗ ಬೇಕೆಂದು ನಾನು ಹಟ ಹಿಡಿದೆ. ಅದಕ್ಕೆ ಅವರು ಅನಂತಗಿರಿಯ ಕಾಡಿನ ರಸ್ತೆಯನ್ನು ಹುಡುಕಿದರು. ವಿಕಾರಾಬಾದಿನಿಂದ ಸ್ವಲ್ಪ ಆಚೆ, ಗುಡ್ಡದ ಮೈಗೆ ಸುತ್ತಿಕೊಂಡು ಹೋಗುವ ಹಳೆಯ ಡಾಂಬರು ದಾರಿ. ಬೇರೆ ರಸ್ತೆ ಆದಮೇಲೆ ಬಸ್ಸು ಲಾರಿಗಳು ಅದನ್ನು ಬಿಟ್ಟುಬಿಟ್ಟಿದ್ದವು. ಒಂದು ತುದಿಯಲ್ಲಿ ಅಡ್ಡಗೋಲು. ಕಾರು ಅಲ್ಲೇ ನಿಲ್ಲಿಸಬೇಕು. ಸಿಕಂದರಾಬಾದಿನಲ್ಲಿ ಕೊಂಡ ಹಳೆಯ ಲೇಡೀಸ್ ಸೈಕಲ್ಲನ್ನು ಹಿಂದಿನ ಸೀಟು ಮಡಚಿ ತುರುಕಿದ್ದೆವು. ನಮ್ಮ ಜೊತೆಗೇ ಇದ್ದ ಅತ್ತೆಗೆ ಸುಮ್ಮನೆ ಸುತ್ತಾಡಿ ಬರುತ್ತೇವೆ ಎಂದಷ್ಟೇ ಹೇಳಿದ್ದೆವು.

ಅಂಥ ನಿಶ್ಶಬ್ದವನ್ನು ನಾನು ಆ ಊರಿಗೆ ಬಂದಮೇಲೆ ಕೇಳಿಯೇ ಇರಲಿಲ್ಲ. ಮಳೆಗಾಲ ಮುಗಿದಿತ್ತು. ತೇಗದ ದೊಡ್ಡ ಎಲೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಎಲ್ಲೋ ಕೆಳಗೆ ಕಣಿವೆಯಲ್ಲಿ ದನದ ಕೊರಳಗಂಟೆ ಅಲ್ಲಾಡಿದರೂ ಕಿವಿಯ ಹತ್ತಿರವೇ ಅಲ್ಲಾಡಿದ ಹಾಗೆ. ಮೊದಲ ಭಾನುವಾರ ಅವರು ಸೀಟು ಹಿಡಿದು ಓಡಿದರು, ನಾನು ಪೆಡಲ್ ತುಳಿದೆ. ಎರಡನೆಯ ಸಲ ಹೋದಾಗ ಅವರಿಗೆ ತಾಳ್ಮೆ ಕಡಿಮೆಯಾಗಿತ್ತು. ನನ್ನ ಕಣ್ಣು ಮುಂದಿನ ಗಾಲಿಯ ಮೇಲೇ ನೆಟ್ಟಿರುತ್ತಿತ್ತು. ಅವರು ಒದರುತ್ತಿದ್ದರು, ಮುಂದೆ ನೋಡು, ದಾರಿ ನೋಡು ಎಂದು. ಒದರುವವರಲ್ಲ ಅವರು. ಮನೆಯಲ್ಲಿ ಟಿವಿಯ ದನಿ ಹೆಚ್ಚಾದರೂ ಎದ್ದು ಹೋಗಿ ಕಡಿಮೆ ಮಾಡುವ ಮನುಷ್ಯ. ಆದರೆ ಅವತ್ತು ಓಡಿ ಓಡಿ ಏದುಸಿರು ಬಂದಿತ್ತು.

"ಇಷ್ಟ ಸಣ್ಣದೂ ತಲಿಗಿ ಹೋಗಂಗಿಲ್ಲೇನ ನಿನಗ?" ಎಂದರು. ಆ ಮಾತು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು.

ಸಿಟ್ಟಿನಲ್ಲೇ ನಾನು ಮತ್ತೆ ಹತ್ತಿದೆ. ದಾರಿ ಇಳಿಜಾರಿಗೆ ತಿರುಗಿತ್ತು. ಅವರು ಕೈ ಬಿಟ್ಟದ್ದು ನನಗೆ ಗೊತ್ತಾಗಲಿಲ್ಲ. ಒಂದು ಕ್ಷಣ ನಿಜಕ್ಕೂ ಸೈಕಲ್ ಓಡಿಸುತ್ತಿದ್ದೆ. ಮುಖಕ್ಕೆ ಗಾಳಿ ಬಂತು, ಮರಗಳು ಪಕ್ಕಕ್ಕೆ ಸರಿದವು. ಆಮೇಲೆ ವೇಗ ಹೆಚ್ಚಿತು. ಬ್ರೇಕ್ ಇದೆ ಎಂಬುದೇ ಮರೆತುಹೋಯಿತು. ತಿರುವಿನಲ್ಲಿ ಸೈಕಲ್ ನೇರ ಪೊದೆಯೊಳಗೆ ಇಳಿಯಿತು, ಹ್ಯಾಂಡಲ್ ತಿರುಗಿ ಕಣ್ಣಿನ ಕೆಳಗೆ ಬಡಿಯಿತು. ನಾನು ರಸ್ತೆಯ ಅಂಚಿಗೆ ಉರುಳಿದೆ. ಸೈಕಲ್ ಕೆಳಗೆ ಎಲ್ಲೋ ಹೋಯಿತು.

ಅವರು ಓಡಿಬಂದರು. ನನ್ನ ಕಣ್ಣಿಗೆ ಮಣ್ಣು ಹೋಗಿತ್ತು, ಮುಚ್ಚಿಕೊಂಡು ಅಳುತ್ತಿದ್ದೆ. ಅವರು ತೋಳು ಹಿಡಿದು ಅಲುಗಾಡಿಸುತ್ತ, ಬ್ರೇಕ್ ಯಾಕೆ ಹಿಡಿಯಲಿಲ್ಲ ಎಂದು ಒದರುತ್ತಲೇ ಇದ್ದರು. ಆಗ ಹತ್ತಿರದಲ್ಲೇ ಒಂದು ಹೆಣ್ಣು ದನಿ ಕೇಳಿತು.

"ಏಂ ಸಾರೂ, ಕೊಟ್ಟಿನವಾ?"

ತೆಲುಗಿನಲ್ಲಿ, ಹೊಡೆದೆಯಾ ಎಂದು. ಈ ಊರಿಗೆ ಬಂದ ಹೊಸತರಲ್ಲಿ ಈ ಮಾತು ಕಿವಿಗೆ ಬಿದ್ದರೆ ಏನೋ ಕೊಟ್ಟ ವಿಷಯ ಎಂದುಕೊಳ್ಳುತ್ತಿದ್ದೆ. ಈಗ ಅರ್ಥ ಚೆನ್ನಾಗಿ ಗೊತ್ತಿತ್ತು.

ಕಣ್ಣು ಬಿಟ್ಟು ನೋಡಿದೆ. ಸೀತಾಫಲದ ಬುಟ್ಟಿ ಹೊತ್ತ ಮೂವರು ಹೆಂಗಸರು ನಿಂತಿದ್ದರು. ಅವರು ಮೊದಲು ಒದರಾಟ ಕೇಳಿದ್ದರು, ಆಮೇಲೆ ಅಳು ಕೇಳಿದ್ದರು. ಕಂಡದ್ದು ಊದಿದ ಕಣ್ಣು, ತರಚಿದ ಮೊಣಕೈ, ತೋಳು ಹಿಡಿದ ಗಂಡಸು. ಸೈಕಲ್ ಎಲ್ಲಿಯೂ ಕಾಣಿಸುತ್ತಿರಲಿಲ್ಲ. ನಮ್ಮವರು ಕೈ ಬಿಟ್ಟು ಹಿಂದೆ ಸರಿದರು.

ನಾನೇ ನನ್ನ ಹರಕುಮುರುಕು ತೆಲುಗಿನಲ್ಲಿ ಹೇಳಿದೆ, ಹೊಡೆದಿಲ್ಲ, ನಾನು ಬಿದ್ದೆ ಎಂದು. ಮೂವರಲ್ಲಿ ಹಿರಿಯಳು ಬುಟ್ಟಿ ಇಳಿಸಿ ನನ್ನ ಪಕ್ಕ ಕೂತಳು. ಅವಳ ಹುಬ್ಬನ್ನು ಸೀಳಿಕೊಂಡು ಹಳೆಯದೊಂದು ಗಾಯದ ಗುರುತಿತ್ತು. ಅದನ್ನು ಬೆರಳಿನಿಂದ ಮುಟ್ಟಿ ತೋರಿಸಿ, ದನಿ ಏರಿಸದೆ ಹೇಳಿದಳು: ನಾನೂ ಬಿದ್ದಿದ್ದೆನಮ್ಮಾ, ಬಚ್ಚಲಲ್ಲಿ.

ಸೈಕಲ್, ಸೈಕಲ್ ಎಂದು ಪೊದೆಯ ಕಡೆ ಕೈ ತೋರಿಸಿದೆ. ಕಿರಿಯಳು ಇಳಿದು ಹೋಗಿ ಅದನ್ನು ಎಳೆದು ತಂದಳು. ಆದರೂ ಅವರ ಮುಖ ಬದಲಾಗಲಿಲ್ಲ. ಈ ವಯಸ್ಸಿನ ಹೆಂಗಸು, ಇಂಥ ಗುಡ್ಡದಲ್ಲಿ, ಸೈಕಲ್ ಹತ್ತಿದಳೆಂದರೆ ಯಾರು ನಂಬಬೇಕು? ಹಾಗಾದರೆ ಓಡಿಸಿ ತೋರಿಸು ಎಂದಳು ಕಿರಿಯಳು.

ಯಾರೂ ನೋಡಬಾರದೆಂದು ಅಷ್ಟು ದೂರ ಬಂದಿದ್ದೆ. ನಮ್ಮವರು ಬೇಡ ಎಂದರು. ನಾನು ಕುಂಟುತ್ತ ಎದ್ದು ಹತ್ತಿದೆ. ಸ್ವಲ್ಪ ದೂರ ಅಡ್ಡಾದಿಡ್ಡಿ ಹೋಗಿ, ಅವರೆಲ್ಲರ ಎದುರಿಗೇ ಧೊಪ್ಪನೆ ಬಿದ್ದೆ. ಕಿರಿಯರಿಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಈಗ ನಂಬಿದ್ದರು. ಹಿರಿಯಳು ಮಾತ್ರ ನಗಲಿಲ್ಲ. ನನ್ನ ಮಡಿಲಿಗೆ ನಾಲ್ಕು ಹಣ್ಣು ಹಾಕಿ, ಒಮ್ಮೆ ನಮ್ಮವರನ್ನು ನೋಡಿ, ಬುಟ್ಟಿ ಎತ್ತಿಕೊಂಡು ಹೋದಳು. ಅವಳ ಬಚ್ಚಲಿನ ಮಾತಿಗೆ ನಾನು ಏನೂ ಹೇಳಲಿಲ್ಲ. ನನ್ನದು ಸುಳ್ಳಲ್ಲ ಎಂದು ತೋರಿಸುವ ಅವಸರದಲ್ಲಿ ಅವಳ ಕಡೆ ಸರಿಯಾಗಿ ನೋಡಿರಲೂ ಇಲ್ಲ.

ವಾಪಸ್ಸು ಬರುವಾಗ ನಮ್ಮವರು ಕಾರನ್ನು ಬಹಳ ನಿಧಾನ ಓಡಿಸಿದರು. ರಸ್ತೆಯ ಎರಡೂ ಬದಿ ಆಲದ ಮರಗಳು ಶುರುವಾದಾಗ ಕೇಳಿದರು. "ನಾ ಹಂಗ ಕಾಣತೀನೇನ?"

"ನೀವು ಒದರಾಕತ್ತಿದ್ರಿ. ಅವ್ರು ಅದನ್ನ ಕೇಳ್ಯಾರ," ಎಂದೆ.

ಮನೆಯಲ್ಲಿ ಅತ್ತೆ ನನ್ನ ಕಣ್ಣು ನೋಡಿದರು. ಸೈಕಲ್ಲಿನಿಂದ ಬಿದ್ದೆ ಎಂದೆ. ಯಾವ ಸೈಕಲ್, ಯಾವಾಗಿನಿಂದ, ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದರು. ನಾಚಿಕೆಯಿಂದ ಎಂದು ಹೇಳಲೂ ನನಗೆ ನಾಚಿಕೆ. ತಡವರಿಸಿದೆ. ತಡವರಿಸಿದ್ದೇ ತಪ್ಪಾಯಿತು. ಅತ್ತೆ ಅರಿಶಿನ ಅರೆದು ಹಚ್ಚಿ, ಮಗನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಹೊರಗೆ ನಿಂತ ನನಗೆ ಕೇಳಿಸಿತು. "ನಿಮ್ಮಪ್ಪ ಒಂದ ದಿನಾ ನನ್ನ ಮ್ಯಾಲ ಕೈ ಮಾಡಿದವ್ರಲ್ಲ. ನೀ ಎಲ್ಲಿ ಕಲತಿ?" ನಮ್ಮವರು ಏನು ಹೇಳಿದರೋ ಕೇಳಿಸಲಿಲ್ಲ. ಹೊರಬಂದಾಗ ಮುಖ ಸುಟ್ಟ ಹಾಗಿತ್ತು.

ಧಾರವಾಡ ಕಡೆಯ ನೆರೆಮನೆಯಾಕೆ ಲಿಫ್ಟಿನಲ್ಲಿ ನನ್ನ ಕೈ ಹಿಡಿದು, ಯಾವ ಹೊತ್ತಿನಲ್ಲಾದರೂ ನಮ್ಮ ಬಾಗಿಲು ಬಡಿಯಿರಿ ಎಂದಳು. ಸೈಕಲ್ ಎಂದೆ. ಅವಳು ನಂಬದೆ ಮೆಲ್ಲಗೆ ತಲೆಯಾಡಿಸಿದಳು. ನಮ್ಮವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತತೊಡಗಿದರು. ಊಟವಾದ ಮೇಲೆ ಅಂಗಳದಲ್ಲಿ ಅಡ್ಡಾಡುವುದನ್ನೂ ಬಿಟ್ಟರು.

ಮಾಡದ ತಪ್ಪಿಗೆ ಅವರು ತಲೆ ತಗ್ಗಿಸಿ ಓಡಾಡುವುದನ್ನು ನೋಡಲಾಗಲಿಲ್ಲ. ಒಂದು ಸಂಜೆ, ಮಕ್ಕಳು ಆಡುವ, ಹೆಂಗಸರು ಕೂತು ಮಾತಾಡುವ ಹೊತ್ತಿಗೆ ಸರಿಯಾಗಿ, ಕಾರಿನಲ್ಲೇ ಇದ್ದ ಸೈಕಲ್ಲನ್ನು ಅಂಗಳಕ್ಕೆ ಇಳಿಸಿದೆ. ಎಲ್ಲ ಬಾಲ್ಕನಿಗಳ ಎದುರಿಗೆ ಹತ್ತಿದೆ, ಬಿದ್ದೆ, ಮತ್ತೆ ಹತ್ತಿದೆ. ಮಕ್ಕಳು ಆಟ ನಿಲ್ಲಿಸಿ ನೋಡಿದರು. ಅಳು ಬರುತ್ತಿತ್ತು, ನೋಡಲಿ ಎಂದುಕೊಂಡು ಇನ್ನೊಂದು ಸುತ್ತು ಹೋದೆ. ಅತ್ತೆ ಕುರ್ಚಿ ತರಿಸಿಕೊಂಡು ಕೆಳಗೆ ಬಂದು ಕೂತರು. "ನಮ್ಮ ಸೊಸಿ ಸೈಕಲ್ ಕಲಿಯಾಕತ್ತಾಳ್ರಿ, ಭಾಳ ಬೀಳತಾಳ," ಎಂದು ಹೋಗಿಬರುವವರಿಗೆಲ್ಲ ಹೇಳಿದರು. ಆ ದನಿಯಲ್ಲಿ ಎಂಥ ನಿರಾಳ! ಅವತ್ತು ರಾತ್ರಿ, ಎಷ್ಟೋ ದಿನದ ಮೇಲೆ, ಮಗನ ತಟ್ಟೆಗೆ ತಾವೇ ಬಡಿಸಿದರು.

ಹೀಗೆ ಬೀಳುತ್ತ ಬೀಳುತ್ತಲೇ ನನಗೆ ಸೈಕಲ್ ಬಂತು. ಚಳಿ ಶುರುವಾದಾಗ ಇಬ್ಬರೂ ಮತ್ತೆ ಅನಂತಗಿರಿಗೆ ಹೋದೆವು, ಎರಡು ಸೈಕಲ್ ತೆಗೆದುಕೊಂಡು. ದಾರಿಯ ತುಂಬ ಒಣ ಎಲೆ. ಏರಿನಲ್ಲಿ ಇಳಿದು ತಳ್ಳಿದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದೆ. ಚೈನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವರು ಹಿಂದೆ ಬರುತ್ತಿದ್ದರು. ಕಣಿವೆ ಕಾಣುವ ಕಡೆ ಕಟ್ಟೆಯ ಮೇಲೆ ಕೂತೆವು. ನನಗೆ ಖುಷಿಯಾಗಿತ್ತು, ಏನೇನೋ ಹರಟುತ್ತಿದ್ದೆ.

ಅವರು ನಡುವೆ ತಡೆದು ಹೇಳಿದರು. "ಅವತ್ತ ನಾ ಕೈ ಎತ್ತಿದ್ದೆ. ನೀ ಕಣ್ಣ ಮುಚ್ಚಿದ್ದಿ, ನೋಡಲಿಲ್ಲ. ಆ ಹೆಂಗಸ್ರು ನೋಡಿದ್ರು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಆದಮೇಲೆ ಕೇಳಿದೆ, ಹೊಡೆಯುತ್ತಿದ್ದಿರೇನು ಎಂದು.

"ಗೊತ್ತಿಲ್ಲ," ಎಂದರು. "ಹೆದರಿದ್ದೆ. ಸಿಟ್ಟೂ ಬಂದಿತ್ತು. ಅಷ್ಟರಾಗ ಆಕಿ ಕೇಳಿದ್ಲು."

ಅವರ ಹೆಸರು ಉಳಿಸಲು ನಾನು ಇಡೀ ಅಪಾರ್ಟ್‌ಮೆಂಟಿನ ಎದುರು ಬಿದ್ದಿದ್ದೆ. ಅದನ್ನು ಬಾಲ್ಕನಿಯಿಂದ ನೋಡುತ್ತ ನಿಂತಿದ್ದೆ ಎಂದೂ ಅವರು ಆಗಲೇ ಹೇಳಿದರು. ಹೇಳದಿದ್ದರೆ ಆಗುತ್ತಿತ್ತಲ್ಲ, ಯಾರೂ ಕೇಳಿರಲಿಲ್ಲವಲ್ಲ ಎಂದು ಅನಿಸಿತು. ಮರುಕ್ಷಣವೇ ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು. ಅವರು ತಲೆ ಎತ್ತಿರಲಿಲ್ಲ. ಅವರ ಬೆನ್ನಿನ ಮೇಲೆ ಕೈ ಇಡಬೇಕು ಎನಿಸಿತು, ಇಡಲಾಗಲಿಲ್ಲ. ಬಿಸಿಲೇರುವವರೆಗೂ ಅಲ್ಲೇ ಕೂತಿದ್ದೆವು. ಆಮೇಲೆ ನಾನು ಸೈಕಲ್ ಹತ್ತಿ ಮೊದಲು ಹೊರಟೆ.