ಅತ್ತಿಗೆಯ ಎಡತೋಳು

ಹಾಲು ಉಕ್ಕುವ ಮುಂಚೆ ಕೆನೆಯ ಕೆಳಗೆ ಮಿಸುಕಾಡುತ್ತದಲ್ಲ, ಹಾಗೆ ಅತ್ತಿಗೆಯ ಎಡತೋಳಿನ ಚರ್ಮದಡಿ ಮಾಂಸ ಅದುರುತ್ತಿತ್ತು. ಹೆಂಗಸರಿಗೆ ಎಡಗಡೆ ಅದುರಿದರೆ ಶುಭವೆಂದು ಮನೆಯವರೆಲ್ಲ ಖುಷಿಪಟ್ಟೆವು. ಯುದ್ಧದ ಲಾರಿ ಓಡಿಸಲು ಬರ್ಮಾಕ್ಕೆ ಹೋದ ಅಣ್ಣನ ಸುದ್ದಿಯೇ ಇರಲಿಲ್ಲ. ತೋಳು ಅದುರಿದ ದಿನ ಅತ್ತಿಗೆ ಅವನ ಪಾಲಿಗೆಂದು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದರು. ಬರಬರುತ್ತಾ ಅದುರದ ದಿನವೇ ಇರಲಿಲ್ಲ.

ಅತ್ತಿಗೆಯ ಬಾಯಿ ಜೋರು. ಕಾಫಿಬೀಜ ಹುರಿಯುವಾಗ ಯಾರನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ವಾಸನೆಯಲ್ಲೇ ಹದ ತಿಳಿದು ಬಾಣಲೆ ಇಳಿಸುತ್ತಿದ್ದರು. ಒಂದು ದಿನ ಆ ಬಾಣಲೆ ಕೈಜಾರಿ ಬೀಜವೆಲ್ಲ ಬೂದಿಗೆ ಬಿತ್ತು.

"ಕೈಯಲ್ಲಿ ಹಿಡಿತಾನೇ ಇಲ್ಲ ಮಾರಾಯ," ಎಂದರು.

ನಾನಾಗ ಓದು ಮುಗಿಸಿ ಮೂಡಿಗೆರೆಯಲ್ಲಿ ಹೊಸದಾಗಿ ಡಾಕ್ಟರಾಗಿದ್ದೆ. ಕಿಟಕಿಯ ಬೆಳಕಿಗೆ ಕೂರಿಸಿ ನೋಡಿದೆ. ಹೆಬ್ಬೆರಳಿನ ಬುಡ ಕುಳಿಬಿದ್ದಿತ್ತು. ಬಾಯಿ ತೆರೆಸಿದೆ. ನಾಲಿಗೆಯೂ ಅದುರುತ್ತಿತ್ತು.

"ಇದು ಶಕುನ ಅಲ್ಲ ಅತ್ತಿಗೆ. ನರ ಸಾಯ್ತಾ ಇದೆ. ನರ ಕೈಬಿಟ್ಟ ಮಾಂಸ ಹೀಗೆ ಒದ್ದಾಡುತ್ತೆ. ಔಷಧಿ ಇಲ್ಲ."

ಸಾಯುತ್ತೇನಾ ಎಂದು ಅವರು ಕೇಳಲಿಲ್ಲ.

"ಹಂಗಾದ್ರೆ ಅವ್ರು ಬರಲ್ವ?"

ಅತ್ತಿಗೆ ಸೆರಗೆಳೆದು ತೋಳು ಮುಚ್ಚಿಕೊಂಡರು. "ನಾನು ಹೋಗೋದೂ ಇರಬಹುದು, ಅವ್ರು ಬರೋದೂ ಇರಬಹುದು. ಎರಡೂ ಆಗಬಾರ್ದು ಅಂತ ನಿನ್ನ ಪುಸ್ತಕದಲ್ಲಿ ಬರ್ದಿದೆಯಾ?"

ಆಮೇಲೆ ಎರಡೂ ಕೈ ಸೋತವು. ಆ ಜೋರು ಬಾಯಿಯೂ ನಿಂತಿತು. ಗಂಜಿ ಕೂಡ ಗಂಟಲಲ್ಲಿ ಇಳಿಯದಾಯಿತು. ಅಮ್ಮ ಅಡುಗೆಗೆ ಕೂತರೆ, ಆ ಹೆಚ್ಚಿನ ಹಿಡಿ ಪಾತ್ರೆಗೆ ಬೀಳುವವರೆಗೂ ಅತ್ತಿಗೆ ಕಣ್ಣು ಕೀಳುತ್ತಿರಲಿಲ್ಲ. ಬೇಸಿಗೆಯಲ್ಲಿ ಕಾಫಿ ಗಿಡ ಅರಳಿಸುವ ಹೂಮಳೆ ಬೀಳುವ ಮುಂಚೆಯೇ ಹೋಗಿಬಿಟ್ಟರು.

ಎಷ್ಟೋ ವರ್ಷಗಳ ಮೇಲೆ, ಸ್ನಾಯುವಿಗೆ ಸೂಜಿ ಚುಚ್ಚಿ ಅದರೊಳಗಿನ ವಿದ್ಯುತ್ತನ್ನು ಸದ್ದಾಗಿ ಕೇಳಿಸುವ ಯಂತ್ರ ನನ್ನ ಕೈಗೆ ಬಂತು. ಸಡಿಲ ಬಿಟ್ಟ ಸ್ನಾಯು ಮೌನವಾಗಿರಬೇಕು. ನರ ಸಾಯುತ್ತಿದ್ದರೆ ತನ್ನಷ್ಟಕ್ಕೆ ಟಪ್ ಟಪ್ ಎನ್ನುತ್ತದೆ. ಆ ಸದ್ದು ಕೇಳಿದಾಗ ರೋಗಿಗೆ ಕಾಯಿಲೆ ಏನೆಂದು ಹೇಳುತ್ತೇನೆ. ಅವರು ಕಾಯುತ್ತಿರುವುದು ಬರುವುದಿಲ್ಲ ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಕಲಿಸಿದವರು ಅತ್ತಿಗೆ.

ಆ ಕಾಲದಲ್ಲೇ, ಅತ್ತಿಗೆಯ ತಿಥಿ ಮುಗಿದ ಮೇಲೆ ಅಣ್ಣ ಬಂದಿದ್ದ. ಕಡೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಬಂದವನು ಬಾಗಿಲಲ್ಲೇ ನಿಂತು ಅತ್ತಿಗೆಯ ಹೆಸರು ಹಿಡಿದು ಕೂಗಿದ. ಅಮ್ಮ ಅಳುತ್ತಲೇ ಅವನಿಗೆ ಎಲೆ ಹಾಕಿದಳು. ಆ ಹಿಡಿ ಅಕ್ಕಿಯನ್ನು ಅವಳು ನಿಲ್ಲಿಸಿರಲಿಲ್ಲ. ಅವನ ಪಾಲಿನ ಅನ್ನ ಇನ್ನೂ ಬಿಸಿಯಾಗಿತ್ತು.