ಕಾಸಿಂ ಸಾಬರು ಹೇಳಿದ್ದರು

ಕಾಸಿಂ ಸಾಬರು ಹೇಳಿದ್ದರು. ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ, ಅರ್ಥವೂ ಆಗಿತ್ತು. ಆಮೇಲೆ ಜನರ ಎದುರು ನನ್ನನ್ನು ಕೇಳಿದಾಗ ಮಾತ್ರ—ಇಲ್ಲ ಎಂದುಬಿಟ್ಟೆ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಬಸ್ಸು ತಿರುವಿನಲ್ಲಿ ಸ್ವಲ್ಪ ವಾಲಿದರೆ ಸಾಕು, ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ಅವಚಿಕೊಳ್ಳುತ್ತದೆ. ಹೆಂಡತಿ ನಗುತ್ತಾಳೆ—ಮೇಷ್ಟ್ರಿಗೆ ಬಸ್ಸೆಂದರೆ ಭಯ ಎಂದುಕೊಂಡಿದ್ದಾಳೆ. ಭಯ ಬಸ್ಸಿನದಲ್ಲ.

ನನ್ನ ಅಕ್ಕನ ಗಂಡ ಕುಂಸಿಯವರು. ನಾನು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಕೋಣೆ ಹಿಡಿದು ಕಾಲೇಜು ಓದಿದಷ್ಟು ಕಾಲವೂ ಅಕ್ಕಿ, ಬೆಲ್ಲ, ಉಪ್ಪಿನಕಾಯಿಯ ಭರಣಿ ಎಲ್ಲವನ್ನೂ ತಮ್ಮ ಎತ್ತಿನ ಗಾಡಿಯಲ್ಲೇ ತಂದು ಇಳಿಸಿ, 'ಓದಿ ಓದಿ ಸೊರಗಿದೀಯಲ್ಲೋ ಮಾರಾಯ' ಎಂದು ಬೆನ್ನು ಗುದ್ದಿ ಹೋಗುತ್ತಿದ್ದರು. ಎತ್ತಿನ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಅಂಥವರಿಗೆ ಒಂದು ವರ್ಷ ಇದ್ದಕ್ಕಿದ್ದಂತೆ ಟ್ರ್ಯಾಕ್ಟರಿನ ಹುಚ್ಚು ಹಿಡಿಯಿತು. ಯಾರದೋ ಗಾಡಿಯನ್ನು ಹೊಲದಲ್ಲಿ ಓಡಿಸಿ ಕಲಿತಿದ್ದರು, ರಸ್ತೆಗೆ ತಂದಿರಲಿಲ್ಲ. ಹೊಸದು ಕೈಗೆಟುಕದು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕಾಸಿಂ ಸಾಬರೆಂಬವರು ಹಳೆಯ ಟ್ರ್ಯಾಕ್ಟರನ್ನು ರಿಪೇರಿ ಮಾಡಿ ಮಾರುತ್ತಾರೆಂದು ಯಾರೋ ಹೇಳಿದರು. ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ.

"ಬಾರಯ್ಯ ಬಿ.ಎ. ಸಾಹೇಬ," ಎಂದರು ಭಾವ. "ಕನ್ನಡಕದೋನು ಜೊತೇಲಿದ್ರೆ ಯಾರೂ ಟೋಪಿ ಹಾಕಲ್ಲ."

ಸಾಬರ ಶೆಡ್ಡು ಹೊಳೆಯ ಕಡೆಗಿನ ಇಳಿಜಾರಿನ ತಲೆಯಲ್ಲಿತ್ತು. ಸಾಬರು ಐವತ್ತರ ಆಸುಪಾಸಿನವರು, ಗಡ್ಡಕ್ಕೆಲ್ಲ ಗ್ರೀಸು. ಭಾವ ಟ್ರ್ಯಾಕ್ಟರಿನ ಸುತ್ತ ಜಾತ್ರೆಯ ಎತ್ತಿನ ಸುತ್ತ ಬರುವಂತೆಯೇ ಬಂದರು. ಹಿಂದಿನ ಚಕ್ರದ ಮೇಲೆ ಅಂಗೈ ಆಡಿಸಿದರು.

"ಹಲ್ಲು ಸವೆದಿದೆಯಲ್ಲ ಸಾಬ್ರೇ. ವಯಸ್ಸೆಷ್ಟು?"

"ಮುದುಕಾನೇ ಗೌಡ್ರೇ. ಆದ್ರೆ ಮದುವೆ ಮಾಡ್ಕೊಬಹುದು."

"ಕೊಂಬಿಗೆ ಬಣ್ಣ ಹೊಡ್ದಂಗೆ ಮೈಗೆ ಬಣ್ಣ ಹೊಡೆದಿದೀರಿ."

"ಬಣ್ಣ ಒಂದೇ ಹೊಸದು. ಸುಳ್ಳು ಹೇಳಲ್ಲ. ಎರಡ್ನೇ ಗೇರು ಕಿರ್ರ್ ಅಂತದೆ. ಸ್ಟೇರಿಂಗು ನಾಲ್ಕು ಬೆರಳು ಆಡ್ತದೆ. ಬೆಳಿಗ್ಗೆ ಬೆಳಿಗ್ಗೆ ಹೊಗೆ ಜಾಸ್ತಿ. ಇದೆಲ್ಲ ಒಪ್ಪಿಗೆ ಇದ್ರೆ ಮಾತಾಡೋಣ."

ಭಾವ ನನ್ನತ್ತ ತಿರುಗಿ ಕಣ್ಣು ಹೊಡೆದರು—ತನ್ನ ಎತ್ತಿನ ಊನವನ್ನು ತಾನೇ ಹೇಳುವ ದಲ್ಲಾಳಿಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಮೆಚ್ಚಿದ್ದರು. ಆಮೇಲೆ ಇಬ್ಬರೂ ನಗುನಗುತ್ತಲೇ ದನದ ವ್ಯಾಪಾರದಂತೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡಿದರು. ಕುದುರುವ ಹಾಗಿತ್ತು. ಒಂದು ಸುತ್ತು ಓಡಿಸಿ ನೋಡುವುದಷ್ಟೇ ಬಾಕಿ.

ಆ ಟ್ರ್ಯಾಕ್ಟರಿಗೆ ಎರಡು ಬ್ರೇಕು, ಎರಡೂ ಬಲಗಾಲಿನ ಬಳಿ. ಒಂದು ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ. ಹೊಲದಲ್ಲಿ ತಿರುಗಿಸುವಾಗ ಒಂದನ್ನೇ ತುಳಿಯಬೇಕು. ರಸ್ತೆಗೆ ಬಂದಾಗ ಎರಡನ್ನೂ ಒಂದು ಸಣ್ಣ ಚಿಲಕದಿಂದ ಜೋಡಿಸಿಕೊಳ್ಳಬೇಕು. ಭಾವ ಸೀಟಿಗೆ ಹತ್ತಿದಾಗ ಸಾಬರು ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು:

"ರೋಡಿಗೆ ಹೋಗೋ ಮುಂಚೆ ಕುಂಡಿ ಹಾಕ್ಕೊಳ್ಳಿ ಗೌಡ್ರೇ! ಗಟ್ಟಿಯಾಗಿ!"

ಅವರ ಮನೆಮಾತಿನಲ್ಲಿ ಕುಂಡಿ ಎಂದರೆ ಚಿಲಕ. ನಮ್ಮ ಮಾತಿನಲ್ಲಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಭಾವ ಗಹಗಹಿಸಿ ನಕ್ಕರು, ಎದ್ದು ಪಂಚೆ ಸರಿಮಾಡಿಕೊಂಡು ಸೀಟಿನ ಮೇಲೆ ದೊಪ್ಪನೆ ಕೂತರು.

"ಹಾಕಿದ್ರಾ?"

"ಹಾಕಿದೆ ಸಾಬ್ರೇ! ಎಂಥ ಗಟ್ಟಿ ಅಂದ್ರೆ ಆನೆ ಎಳೆದ್ರೂ ಏಳಲ್ಲ!"

ನನಗೆ ಗೊತ್ತಿತ್ತು. ಹೊಸಮನೆಯಲ್ಲಿ ನನ್ನ ಪಕ್ಕದ ಮನೆಯ ಮುದುಕಿ ದಿನಾ ಸಂಜೆ 'ಕುಂಡಿ ಲಗಾವ್' ಎಂದು ಮಕ್ಕಳಿಗೆ ಕೂಗುತ್ತಿದ್ದರು. ಮೊದಲ ದಿನ ನಾನು ನಕ್ಕಿದ್ದಕ್ಕೆ, ಬಾಗಿಲ ಚಿಲಕ ಹಿಡಿದು ತೋರಿಸಿ ಗದರಿದ್ದರು. ಹಾಗಾಗಿ ಗೊತ್ತಿತ್ತು. ಭಾವ ತಪ್ಪು ತಿಳಿದರೆಂದೂ ಗೊತ್ತಾಯಿತು. 'ಭಾವ, ಅದಲ್ಲ' ಎನ್ನಲು ಬಾಯಿ ತೆರೆದೆ ಕೂಡ. ಆದರೆ ಆ ತಮಾಷೆ ಎಷ್ಟು ಚೆನ್ನಾಗಿತ್ತು! ಈಗಲೇ ಹೇಳಿದರೆ ಮುಗಿದುಹೋಗುತ್ತದೆ. ಇಡಿಯಾಗಿ ಕುಂಸಿಗೆ ಒಯ್ದು ಅಕ್ಕನ ಮುಂದೆ ಭಾವನ ದನಿಯಲ್ಲೇ ಆಡಿ ತೋರಿಸಬೇಕು—ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುವುದನ್ನು ನೋಡಬೇಕು—ಅಷ್ಟೇ ಇದ್ದದ್ದು ತಲೆಯಲ್ಲಿ. ಆ ಚಿಲಕ ಇಲ್ಲದಿದ್ದರೆ ಏನಾಗುತ್ತದೆಂದು ಯೋಚಿಸಲೇ ಇಲ್ಲ.

ನಾನು ಬಲಗಡೆಯ ಮಡ್‌ಗಾರ್ಡಿನ ಮೇಲೆ, ಸಾಬರು ಎಡಗಡೆಯದರ ಮೇಲೆ. ಇಳಿಜಾರಿನಲ್ಲಿ ಗಾಡಿ ತಾನಾಗಿ ವೇಗ ಹಿಡಿಯಿತು. ಓಣಿಯೊಂದರಿಂದ ಕಾರ್ಖಾನೆಗೆ ಹೊರಟಿದ್ದವನೊಬ್ಬ ಸೈಕಲ್ಲಿನಲ್ಲಿ ಅಡ್ಡ ಬಂದ. ಭಾವ ಬ್ರೇಕು ತುಳಿದರು—ಎರಡರಲ್ಲಿ ಒಂದನ್ನು, ಬಲಗಡೆಯದನ್ನು.

ಬಲ ಚಕ್ರ ನಿಂತಿತು, ಎಡದ್ದು ಓಡಿತು. ಗಾಡಿ ರಸ್ತೆ ಬಿಟ್ಟು ಬಲಕ್ಕೆ, ಹೊಳೆಯ ದಡದ ಕಡೆಗೆ ಗಿರ್ರನೆ ತಿರುಗಿತು. ನನ್ನ ಕೆಳಗಿನ ಚಕ್ರ ನೆಲ ಬಿಟ್ಟು ಮೇಲೆ ಬಂತು. ನಾನು ಮೇಲೆ ಹೋಗುತ್ತಿದ್ದೇನೆ—ಆ ಕಡೆ ಸಾಬರು ಕೆಳಗೆ, ಕೆಳಗೆ. ಅವರ ಮುಖ ನನ್ನ ಪಾದಗಳಿಗಿಂತ ಕೆಳಗಿತ್ತು. ಮಗುಚಿದರೆ ಅಡಿಗೆ ಸಿಗುವವರು ಅವರೇ. ಅವರು ಹಾರಿಕೊಳ್ಳಬಹುದಿತ್ತು. ಹಾರಲಿಲ್ಲ, ಎರಡೂ ತೋಳುಗಳಿಂದ ಭಾವನ ಸೊಂಟ ತಬ್ಬಿ ಹಿಡಿದಿದ್ದರು, ಸೀಟಿನಿಂದ ಉರುಳದಂತೆ. ಮುಂಚಕ್ರ ದಡದ ಗಡಿಕಲ್ಲಿಗೆ ಬಡಿಯಿತು. ಎಲ್ಲ ನಿಂತಿತು. ನನ್ನ ಚಕ್ರ ದೊಪ್ಪನೆ ನೆಲಕ್ಕೆ ಬಿತ್ತು.

ಇಂದಿಗೂ ಅಷ್ಟೇ—ನಿದ್ದೆ ಹತ್ತುವ ಮುಂಚೆ ಆ ಚಕ್ರ ಏಳುತ್ತದೆ. ಇಳಿಯುವುದಿಲ್ಲ.

ಸೈಕಲ್ಲಿನವನು ಹೇಗೋ ಪಾರಾಗಿದ್ದ. ರಸ್ತೆ ಬದಿಯ ಚಹದಂಗಡಿಯ ಜನರೆಲ್ಲ ಓಡಿಬಂದರು. ಭಾವನ ತುಟಿ ಬಿಳಿಚಿತ್ತು. ಭಯವೆಲ್ಲ ಸಿಟ್ಟಾಗಿ ಹೊರಬಂತು. "ಕೊಲ್ಲೋಕೆ ಕೂರಿಸಿದ್ರೇನ್ರೀ ನಮ್ಮನ್ನ?"

ಸಾಬರು ಬಗ್ಗಿ ಪೆಡಲು ನೋಡಿದರು. "ಇದು ಹಾಕಿಲ್ಲ ಗೌಡ್ರೇ, ನೋಡಿ. ಹೇಳಿದ್ನಲ್ಲ ನಾನು."

"ಈ ಚಿಲಕದ ವಿಷಯ ಯಾವಾಗ ಹೇಳಿದ್ರಿ? ಗೇರು ಹೇಳಿದ್ರಿ, ಹೊಗೆ ಹೇಳಿದ್ರಿ. ಜೀವ ತೆಗೆಯೋದನ್ನ ಮುಚ್ಚಿಟ್ರಿ."

"ಖುದಾ ಕಸಂ, ಹೇಳಿದೆ."

"ಇಲ್ಲೇ ಇದ್ದಾನಲ್ಲ ನಮ್ಮ ಹುಡುಗ, ಓದಿದೋನು. ಏನಪ್ಪ—ಹೇಳಿದ್ರಾ?"

ಸಾಬರು ನನ್ನತ್ತ ನೋಡಿದರು. ನಂಬಿಕೆಯಿಂದ ನೋಡಿದರು, ಸಾಕ್ಷಿ ಸಿಕ್ಕಿತು ಎನ್ನುವ ಹಾಗೆ. ಹೌದು ಎಂದರೆ—ಗೊತ್ತಿದ್ದೂ ನಗುತ್ತಾ ಕೂತೆ ಎಂದಾಗುತ್ತಿತ್ತು. ಭಾವನ ಜೀವದ ಮೇಲೆ ತಮಾಷೆ ನೋಡಿದೆ ಎಂದಾಗುತ್ತಿತ್ತು.

"ಇಲ್ಲ," ಎಂದೆ. "ನನಗೆ ಕೇಳಿಸ್ಲಿಲ್ಲ."

ವ್ಯಾಪಾರ ಮುರಿಯಿತು. ಭಾವ ಕೆಟ್ಟವರಲ್ಲ, ತಾವು ನಂಬಿದ್ದನ್ನೇ ಕುಂಸಿಯ ಸಂತೆಯಲ್ಲಿ ಹೇಳಿದರು—ಓಲ್ಡ್ ಟೌನಿನ ಆ ಸಾಬರು ಗಾಡಿಯ ದೋಷ ಮುಚ್ಚಿಡುತ್ತಾರೆ ಎಂದು. ಅವರ ಮಾತಿಗೆ ತೂಕವಿತ್ತು. ಕುಂಸಿಯ ಕಡೆಯವರು ಆ ಶೆಡ್ಡಿಗೆ ಹೋಗುವುದನ್ನು ಬಿಟ್ಟರು. ನಾನು ಅಲ್ಲೇ ಕೂತು ಕೇಳುತ್ತಿದ್ದೆ.

ಕಳೆದ ತಿಂಗಳು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಕಾಸಿಂ ಸಾಬರೇ ಗುರುತು ಹಿಡಿದು ಮಾತಾಡಿಸಿದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ನಾನು ಮೇಷ್ಟ್ರಾಗಿರುವುದನ್ನು ಕೇಳಿ ತಿಳಿದುಕೊಂಡರು. "ಭಾವ ಆರಾಮಾ?" ಎಂದರು. ಮತ್ತೆ, ತಾವಾಗಿಯೇ: "ಈಗೆಲ್ಲ ನಾನು ಬಾಯಲ್ಲಿ ಹೇಳಲ್ಲ ಮೇಷ್ಟ್ರೇ. ಕೈ ಹಿಡಿದು ತೋರಿಸ್ತೀನಿ. ಆವತ್ತು ಹೇಳಿದ್ದೆ ಅಂತ ಬಹಳ ದಿನ ಜಗಳ ಮಾಡ್ದೆ, ಮನೇಲೂ ಕೂಡ. ಆಮೇಲೆ ಯೋಚನೆ ಮಾಡ್ದೆ—ನೀವು ಓದಿದೋರು, ಪಕ್ಕದಲ್ಲೇ ಇದ್ರಿ, ನಿಮಗ್ಯಾಕೆ ಸುಳ್ಳು ಬೇಕು? ನಾನೇ ಹೇಳಿರ್ಲಿಲ್ವೇನೋ. ಗೌಡ್ರ ಜೀವ ತೆಗೀತಿದ್ದೆನಲ್ಲ ಅಂತ ನಮಾಜಿನಲ್ಲೂ ನೆನಪಾಗ್ತದೆ."

ಅವರ ಗಿರಾಕಿಗಳನ್ನು ತಪ್ಪಿಸಿದೆ, ಹೆಸರು ಕೆಡಿಸಿದೆ ಎಂದಷ್ಟೇ ಇದುವರೆಗೆ ತಿಳಿದಿದ್ದೆ. ಅವರ ನೆನಪನ್ನೇ ಅವರಿಂದ ಕಿತ್ತುಕೊಂಡಿದ್ದೇನೆ ಎಂದು ಗೊತ್ತಿರಲಿಲ್ಲ. ನನ್ನ ತಪ್ಪನ್ನು ಅವರು ದೇವರ ಮುಂದೆ ಹೊತ್ತುಕೊಂಡು ನಿಲ್ಲುತ್ತಿದ್ದಾರೆ. ಅಲ್ಲೂ—ಆಗಲೂ—ನಾನು ಏನೋ ಗೊಣಗಿ ಬಸ್ಸು ಹತ್ತಿದೆ.

ಈ ಭಾನುವಾರ ಭಾವ ನಮ್ಮ ಮನೆಗೆ ಬರುತ್ತಾರೆ. ಭದ್ರಾವತಿಗೆ ಹೋಗಿಬರೋಣ ಎಂದಿದ್ದೇನೆ. ಭಾವನೊಬ್ಬರಿಗೇ ಮನೆಯಲ್ಲಿ ಹೇಳಿ ಮುಗಿಸೋಣ ಎಂದು ಮನಸ್ಸು ಎಳೆಯುತ್ತದೆ; ಆದರೆ ಹತ್ತು ಜನರ ಎದುರು ಆಡಿದ ಸುಳ್ಳನ್ನು ಕಿವಿಯಲ್ಲಿ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಆ ಚಹದಂಗಡಿಯ ಮುಂದೆಯೇ ಹೇಳಬೇಕು. ಭಾವ ಹೊಡೆಯಬಹುದು, ಮಾತು ಬಿಡಬಹುದು. ನನಗೆ ಅದರ ಅಂಜಿಕೆಯಿಲ್ಲ. ಸಾಬರ ಒಳ್ಳೆಯತನಕ್ಕೆ ಅಂಜುತ್ತೇನೆ—ಅರ್ಧಕ್ಕೇ ಕೈ ಹಿಡಿದು, 'ಹೋಗ್ಲಿ ಬಿಡಿ ಮೇಷ್ಟ್ರೇ' ಎಂದುಬಿಡುತ್ತಾರೆ ಅವರು. ಎಂದರೂ ನಿಲ್ಲಿಸದೆ ಪೂರ್ತಿ ಹೇಳಬೇಕು.